ಲಾಭ, ಎರಡು, ಮೂರು

ನಮ್ಮ ಮನೆಯಲ್ಲಿ ಮೊದಲು ಪ್ರಶ್ನೆ ಬರುತ್ತಿತ್ತು, ಆಮೇಲೆ ಮುದ್ದೆ. ಅಪ್ಪ ಚಿತ್ರದುರ್ಗದ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತರು. ಕೈಕಾಲು ತೊಳೆದು ಮಣೆಯ ಮೇಲೆ ಕೂತರೆ ಸಾಕು, "ಒಂದು, ನಾಲ್ಕು, ಒಂಬತ್ತು, ಹದಿನಾರು. ಮುಂದಿಂದು ಯಾವುದು ಹೇಳ್ರಲೇ" ಎಂದು ಶುರು ಮಾಡುವರು. ಮೊದಲು ಸರಿಯಾಗಿ ಹೇಳಿದವರಿಗೆ ಹಾಲಿನ ಪಾತ್ರೆಯ ಕೆನೆ. ಮೂರು ಮಕ್ಕಳಲ್ಲಿ ನಾನು ನಡುವಿನವಳು. ಅಣ್ಣ ತಲೆ ಕೆರೆದುಕೊಳ್ಳುವಷ್ಟರಲ್ಲಿ, ತಂಗಿ ಬೆರಳು ಮಡಿಸುವಷ್ಟರಲ್ಲಿ ಕೆನೆ ನನ್ನ ಬಾಯಲ್ಲಿರುತ್ತಿತ್ತು. ಅವರಿಬ್ಬರೂ ಬಡಕಲಾಗಿ, ನಾನೊಬ್ಬಳು ದುಂಡಗೆ ಬೆಳೆದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಒಂದು ದಿನ ಅಪ್ಪ, "ಇಡ್ಲಿ, ದೋಸೆ, ಪಡ್ಡು, ರೊಟ್ಟಿ. ಇದರಾಗೆ ಗುಂಪಿಗೆ ಸೇರದ್ದು ಯಾವುದು?" ಎಂದರು. ರೊಟ್ಟಿ ಎಂದು ನಾನು ಬಾಯಿ ತೆರೆಯುವ ಮುಂಚೆ ಒಲೆಯ ಮುಂದಿನಿಂದ ಅವ್ವನ ದನಿ ಬಂತು.

"ಗುಂಪಿಗೆ ಸೇರದಾಕಿ ನಾನು. ಅವು ನಾಕೂ ತಿನ್ನಾಕೆ ಅವೆ, ನಾನು ಮಾಡಾಕೆ ಇದೀನಿ."

ಅಪ್ಪ ಬಿದ್ದುಬಿದ್ದು ನಕ್ಕು, ಇವತ್ತಿನ ಕೆನೆ ನಿಮ್ಮವ್ವಂದು ಎಂದು ತೀರ್ಪು ಕೊಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿಟ್ಟು ಹುಳಿ ಬರದೆ ಆಗುವುದು ರೊಟ್ಟಿ ಒಂದೇ, ಅದೇ ಸರಿಯಾದ ಉತ್ತರ, ಅವ್ವ ಹೇಳಿದ್ದು ಆ ನಾಲ್ಕರಲ್ಲಿ ಇಲ್ಲವೇ ಇಲ್ಲ ಎಂದು ವಾದ ಹೂಡಿ, ಕೊನೆಗೆ ಉಣ್ಣದೆ ಎದ್ದು ಹೋದೆ. ಹೊಟ್ಟೆ ಹಸಿದು ಮತ್ತೆ ಬಂದಾಗ ಅವ್ವ ಕೆನೆಯನ್ನು ನನ್ನ ತಟ್ಟೆಗೇ ಹಾಕಿದಳು. ತಿಂದೆ. ಆದರೆ ಅದು ನನ್ನ ಉತ್ತರಕ್ಕೆ ಸಿಕ್ಕ ಕೆನೆಯಲ್ಲ ಎಂಬುದು ಗಂಟಲಲ್ಲಿ ಕೂತೇ ಇತ್ತು.

ಇಂಥವಳು ದೊಡ್ಡವಳಾಗಿ ಟೀಚರಾದರೆ ಏನಾಗುತ್ತದೆ? ಎಪ್ಪತ್ತರ ದಶಕದ ನಡುವಿನಲ್ಲಿ ಹಿರಿಯೂರಿನ ಒಂದು ಶಾಲೆಗೆ ಸೇರಿದ ವಾರದಲ್ಲೇ ಕರಿಹಲಗೆಯ ಮೂಲೆಯಲ್ಲಿ ದಿನಕ್ಕೊಂದು ಪ್ರಶ್ನೆ ಬರೆಯತೊಡಗಿದೆ. ಸರಣಿ ಮುಂದುವರಿಸಿ, ಗುಂಪಿಗೆ ಸೇರದ್ದನ್ನು ಹುಡುಕಿ, ಇವುಗಳ ನಡುವೆ ಸಂಬಂಧವೇನು ಹೇಳಿ. ಸ್ಟಾಫ್ ರೂಮಿಗೆ ಬರುವ ಪತ್ರಿಕೆಯಲ್ಲಿ ಅಂಥ ಪ್ರಶ್ನೆ ಇದ್ದರೆ ನಾನು ಪೆನ್ನಿನಲ್ಲೇ ತುಂಬಿಬಿಡುತ್ತಿದ್ದೆ. ಪೆನ್ಸಿಲ್ ಹಿಡಿಯುವುದು ಅನುಮಾನ ಇರುವವರ ಕೆಲಸ ಎಂದು ನನ್ನ ಅಂಬೋಣ. ಸಹೋದ್ಯೋಗಿಗಳು ಪತ್ರಿಕೆಯನ್ನು ಬಚ್ಚಿಡಲು ಶುರು ಮಾಡಿದಾಗಲೂ ಅದು ನನ್ನ ಜಾಣತನಕ್ಕೆ ಸಿಕ್ಕ ಗೌರವ ಎಂದೇ ತಿಳಿದಿದ್ದೆ.

ಊರಲ್ಲಿ ಹಳ್ಳಿಯ ಹುಡುಗಿಯರಿಗಾಗಿ ಒಂದು ಉಚಿತ ವಿದ್ಯಾರ್ಥಿನಿ ನಿಲಯವಿತ್ತು. ಅದನ್ನು ನಡೆಸುತ್ತಿದ್ದವರು ಒಬ್ಬ ನಿವೃತ್ತ ಹೆಡ್‌ಮಾಸ್ತರು; ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಊರಿಗೆಲ್ಲ ಅವರು ಹೆಡ್‌ಮಾಸ್ತರೇ. "ಸಿರಿಗೆರೆ ಮಠದ ಸ್ಕೂಲಿಗೆ ಹೋಗೋ ಬಸ್ ನೋಡ್ರಿ, ಬಸ್ ತುಂಬ ಓದೋ ಹುಡುಗ್ರೇ. ನಮ್ ಕಡೆ ಹುಡುಗೀರ್ನ ಕೂರಿಸ್ಕಳ್ಳೋ ಬಸ್ಸು ಎಲ್ಲೈತೆ?" ಎಂದು ಹಟ ಹಿಡಿದು ಆ ನಿಲಯ ತೆರೆದಿದ್ದರು. ಜಗುಲಿಯ ಮೇಲಿನ ಬೆತ್ತದ ಕುರ್ಚಿ ಅವರ ಸಿಂಹಾಸನ. ಕಾಫಿ, ಮಾತ್ರೆ, ಪತ್ರಿಕೆ, ಹಣ್ಣು, ಅರ್ಜಿ, ಜಗಳ ಎಲ್ಲವೂ ಅವರಿದ್ದಲ್ಲಿಗೇ ಬರುತ್ತಿದ್ದವು. ಅವರು ಎದ್ದು ಹೋದದ್ದನ್ನು ನಾನು ಕಂಡದ್ದು ಕಡಿಮೆ.

ನಾಲ್ಕನೇ ಕ್ಲಾಸು ಮುಗಿಸಿದ ಹುಡುಗಿಯರಿಗೆ ಬೇಸಿಗೆ ರಜೆಯಲ್ಲಿ ಒಂದು ಬುದ್ಧಿಪರೀಕ್ಷೆ ಮಾಡಿ ನಿಲಯಕ್ಕೆ ತೆಗೆದುಕೊಳ್ಳುತ್ತಿದ್ದರು. ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ಮೂರು ವರ್ಷದಿಂದ ನನ್ನದು. ಇಪ್ಪತ್ತೈದು ಪ್ರಶ್ನೆ, ಎಲ್ಲಕ್ಕೂ ಒಂದೇ ಮಾತಿನ ಉತ್ತರ. ಹದಿಮೂರು ಅಂಕ ಬಂದರೆ ಬಾಯಿಮಾತಿನ ಸಂದರ್ಶನಕ್ಕೆ ಕರೆ, ಹನ್ನೆರಡಾದರೆ ಮನೆಗೆ. ಉತ್ತರಪಟ್ಟಿಯನ್ನು ನಾನೇ ಬರೆದು, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಮೇಲೆ ಸಹಿ ಹಾಕಿ ಹೆಡ್‌ಮಾಸ್ತರಿಗೆ ಕೊಡುತ್ತಿದ್ದೆ. ಯಾರೂ ಕೇಳಿರದಿದ್ದರೂ ಅರಗಿನ ಮುದ್ರೆ ನನ್ನದೇ ಯೋಚನೆ.

ಆ ವರ್ಷ ಶುಕ್ರವಾರ ಪರೀಕ್ಷೆ, ಶನಿವಾರ ಮೌಲ್ಯಮಾಪನ. ನನ್ನ ಜೊತೆ ಕೂತವಳು ಮೈಸೂರಿನಿಂದ ವರ್ಗವಾಗಿ ಬಂದಿದ್ದ ಡ್ರಾಯಿಂಗ್ ಟೀಚರು. ಇಬ್ಬರೂ ಪೇಟೆಯವರು, ರಾಗಿಯನ್ನು ಅಂಗಡಿಯ ತಕ್ಕಡಿಯಲ್ಲಿ ಮಾತ್ರ ಕಂಡವರು. ನಲವತ್ತೊಂದನೇ ನಂಬರಿನ ಪತ್ರಿಕೆ ತೆಗೆದೆ. ಮೊದಲ ಪ್ರಶ್ನೆ, ಹೆದರಿದ ಮಕ್ಕಳಿಗೆ ಧೈರ್ಯ ಬರಲೆಂದು ಇಟ್ಟದ್ದು: ಬಿಟ್ಟ ಜಾಗ, ಆಮೇಲೆ ೨, ೩, ೪. ಬಿಟ್ಟ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ "ಲಾಭ" ಎಂದು ಬರೆದಿತ್ತು.

ನಾನು ಗಟ್ಟಿಯಾಗಿ ಓದಿದೆ. ಡ್ರಾಯಿಂಗ್ ಟೀಚರು ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು.

ಒಂಬತ್ತನೇ ಪ್ರಶ್ನೆ: ಕುರಿ, ಮೇಕೆ, ಹಸು, ನಾಯಿ, ಗುಂಪಿಗೆ ಸೇರದ್ದು ಯಾವುದು? ನಾಯಿ ಎಂದು ಯಾರು ಬೇಕಾದರೂ ಹೇಳುತ್ತಾರೆ. ಅದು ಮೆಲುಕು ಹಾಕುವುದಿಲ್ಲ, ಅದರ ಹಾಲನ್ನು ಯಾರೂ ಕಾಫಿಗೆ ಹಾಕುವುದಿಲ್ಲ. ಈ ಹುಡುಗಿ "ಹಸು" ಎಂದಿದ್ದಳು. ಹದಿನೇಳನೆಯದು: ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ, ಮುಂದೆ? ಬಸ್ಸು ಹತ್ತಿದವರಿಗೆಲ್ಲ ಗೊತ್ತು, ಮುಂದೆ ಹೊಸದುರ್ಗ. ಈಕೆಯ ಪ್ರಕಾರ ಮುಂದೆ ಮತ್ತೆ "ಹಿರಿಯೂರು". ಉಳಿದದ್ದರಲ್ಲಿ ಹನ್ನೆರಡು ಸರಿ, ಹತ್ತು ಖಾಲಿ. ಹನ್ನೆರಡು ಎಂದು ಕೆಂಪು ಪೆನ್ಸಿಲಿನಲ್ಲಿ ಬರೆದು ಸುತ್ತ ಗೆರೆ ಎಳೆದು ಪಕ್ಕಕ್ಕಿಟ್ಟೆ. ಒಂದಂಕ ಕಡಿಮೆಯಾಯಿತಲ್ಲ ಎಂದು ಆಗ ನನ್ನ ಕರುಳೇನೂ ಚುರ್ ಎನ್ನಲಿಲ್ಲ.

ಚುರ್ ಎಂದದ್ದು ಬೇರೆ ಕಡೆ. ತಪ್ಪು ಉತ್ತರ ಬರೆಯುವ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೆ. ಅವರು ಗೊತ್ತಿಲ್ಲದೆ ಬರೆಯುತ್ತಾರೆ, ಪಕ್ಕದವಳನ್ನು ನೋಡಿ ಬರೆಯುತ್ತಾರೆ, ದೇವರ ಮೇಲೆ ಭಾರ ಹಾಕಿ ಬರೆಯುತ್ತಾರೆ. ಇವು ಮೂರು ಹಾಗಿರಲಿಲ್ಲ. ಒತ್ತಿ ಬರೆದ ಅಕ್ಷರ, ಒಂದು ಚಿತ್ತಿಲ್ಲ, ಕಾಟಿಲ್ಲ. ಗೊತ್ತಿದ್ದೇ ಬರೆದಿದ್ದಾಳೆ. ಹಾಗಾದರೆ ಲಾಭ, ಹಸು, ಹಿರಿಯೂರು: ಇವುಗಳ ನಡುವೆ ಸಂಬಂಧವೇನು? ಊರಿಗೆಲ್ಲ ಪ್ರಶ್ನೆ ಹಾಕುವವಳಿಗೇ ಯಾರೋ ಪ್ರಶ್ನೆ ಹಾಕಿ ಹೋದಂತಾಯಿತು.

"ವ್ಯಾಪಾರಸ್ಥನ ಮಗಳು ಇರಬೇಕು. ಹೊಳಲ್ಕೆರೆಗೆ ಹೋಗಿ, ಹಸು ಮಾರಿ, ಲಾಭ ಮಾಡಿಕೊಂಡು ಹಿರಿಯೂರಿಗೆ ವಾಪಸ್" ಎಂದೆ.

"ಮಾರಿದ ಮೇಲೆ ಹಸು ಗುಂಪಲ್ಲಿ ಹೇಗಿರುತ್ತೆ? ಸರಿಯಾಗೇ ಬರೆದಿದ್ದಾಳೆ ಬಿಡಿ" ಎಂದಳು ಡ್ರಾಯಿಂಗ್ ಟೀಚರು.

ನಗು ಮುಗಿದ ಮೇಲೆ ಅರ್ಜಿ ತೆಗೆದು ನೋಡಿದೆ. ತಂದೆಯ ಕಸುಬು ಕುರಿ ಸಾಕಣೆ. ಊರು ಜವನಗೊಂಡನಹಳ್ಳಿ ಹತ್ತಿರದ ಒಂದು ಹಟ್ಟಿ. ನನ್ನ ವ್ಯಾಪಾರಸ್ಥ ಅಲ್ಲಿಗೇ ದಿವಾಳಿಯೆದ್ದ. ಆ ಸಂಜೆಯೆಲ್ಲ ಆ ಮೂರು ಮಾತು ಬಾಯಿಗೆ ಬಂದು ಬಂದು ಹೋದವು. ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ಭಾನುವಾರ ಬೆಳಿಗ್ಗೆ ಕೊಡೆ ಹಿಡಿದು ಬಸ್ ನಿಲ್ದಾಣಕ್ಕೆ ಹೊರಟೆ. ಆ ಮಗುವಿನ ಮೇಲಿನ ಕರುಣೆಯಿಂದ ಹೋದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳು. ಬಿಡಿಸಲಾಗದ ಪ್ರಶ್ನೆ ಇಟ್ಟುಕೊಂಡು ಕೂರುವ ಜಾಯಮಾನ ನನ್ನದಲ್ಲ, ಅದಕ್ಕೇ ಹೋದೆ.

ಬಸ್ಸು ಆದಿವಾಲ ದಾಟಿ ಜವನಗೊಂಡನಹಳ್ಳಿಯಲ್ಲಿ ಇಳಿಸಿತು. ಅಲ್ಲಿಂದ ಜಾಲಿಮರಗಳ ನಡುವೆ ಒಂದು ಗಂಟೆಯ ನಡಿಗೆ. ಕೊಡೆಯ ಕೆಳಗೂ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಹಟ್ಟಿ ಸೇರುವ ಹೊತ್ತಿಗೆ ನನ್ನ ಜಾಣತನ ಅರ್ಧ ಬೆವರಾಗಿ ಹೋಗಿತ್ತು. ಒಂದು ಮುದಿ ನಾಯಿ ಎದ್ದು ಬಂದು ಬೊಗಳಿತು. ನಾಯಿಯ ಹಿಂದೆ ಬಂದ ಹುಡುಗಿ ನನ್ನನ್ನು ನೋಡಿ ಗಕ್ಕನೆ ನಿಂತಳು. ಪರೀಕ್ಷೆಯ ದಿನ ಹಾಳೆ ಹಂಚಿದ ಟೀಚರು ಮನೆ ಬಾಗಿಲಿಗೇ ಬಂದರೆ ಹತ್ತು ವರ್ಷದ ಮಗು ಇನ್ನೇನು ತಿಳಿದೀತು?

"ನಾನು ಕಾಪಿ ಹೊಡ್ದಿಲ್ರಿ" ಎಂದಳು, ನಾನು ಬಾಯಿ ತೆರೆಯುವ ಮೊದಲೇ.

ಒಳಗೆ ಪಡಸಾಲೆಯಲ್ಲಿ ಅವಳ ಅಜ್ಜಿ ಚೀಲದಿಂದ ರಾಗಿ ಅಳೆದು ಮಣ್ಣಿನ ಗುಡಾಣಕ್ಕೆ ಸುರಿಯುತ್ತಿದ್ದಳು. ನಾನು ನಮಸ್ಕಾರ ಎಂದೆ. ಆಕೆ ಎಡಗೈ ಎತ್ತಿ ನಿಲ್ಲು ಎಂಬಂತೆ ಸನ್ನೆ ಮಾಡಿ, "ಇಪ್ಪತ್ತಾರು... ಇಪ್ಪತ್ತೇಳು..." ಎಂದು ಮುಂದುವರಿಸಿದಳು. ಅಳೆಯುವವರನ್ನು ನಡುವೆ ಮಾತಾಡಿಸಬಾರದೆಂದು ಹುಡುಗಿ ಪಿಸುಗುಟ್ಟಿದಳು. ಚೀಲ ಖಾಲಿಯಾಯಿತು. ಅಜ್ಜಿ ಇನ್ನೊಂದು ಚೀಲ ಎಳೆದುಕೊಂಡು, ಸೇರನ್ನು ತುಂಬಿ, ತಲೆ ಸವರಿ, ಗುಡಾಣದ ಬಾಯಿಗೆ ಹಿಡಿದು, ಹಾಡಿನ ಮೊದಲ ಸಾಲಿನಂತೆ ಎಳೆದು ಹೇಳಿದಳು.

"ಲಾ...ಭ."

ಆಮೇಲೆ "ಎರಡು." ಆಮೇಲೆ "ಮೂರು."

ನಾನು ಅಲ್ಲೇ ಕಂಬ ಹಿಡಿದು ಕೂತೆ. ಬಾಯಲ್ಲಿ ಕೆನೆಯ ರುಚಿ ಬಂತೆಂದರೆ ನೀವು ನಂಬಬೇಕು.

ಎರಡನೇ ಚೀಲ ಮುಗಿದ ಮೇಲೆ ಅಜ್ಜಿ, "ಕುಂತ್ಕಳ್ರಿ ಟೀಚರಮ್ಮ, ನೀರು ಕುಡೀರಿ" ಎಂದು ಮಾತಿಗೆ ಬಂದಳು. ಮೂರನೆಯದನ್ನು ನಾನು ಅಳೆಯುತ್ತೇನೆ ಕೊಡಿ ಎಂದು ಸೇರು ಇಸಿದುಕೊಂಡೆ. ತುಂಬಿ, ಸವರಿ, ಠೀವಿಯಿಂದ "ಒಂದು" ಎಂದೆ. ಆಕೆ ಚಟಕ್ಕನೆ ನನ್ನ ಮಣಿಕಟ್ಟು ಹಿಡಿದು ರಾಗಿಯನ್ನು ಚೀಲಕ್ಕೆ ವಾಪಸ್ ಸುರಿಸಿದಳು.

"ಹಂಗನ್ನಬಾರ್ದು ತಾಯಿ. ಒಂದು ಅಂದ್ರೆ ಒಂಟಿ ಅಂದಂಗೆ. ಮೊದಲ್ನೇದು ಯಾವತ್ತಿದ್ರೂ ಲಾಭ. ಇನ್ನೊಂದ್ ಸಲ ತುಂಬು, ಬಾಯಿ ತುಂಬ ಅನ್ನು."

ಸೆಲ್ಸಿಯಸ್ಸನ್ನು ಬಾಯಲ್ಲೇ ಫ್ಯಾರನ್‌ಹೀಟಿಗೆ ತಿರುಗಿಸಬಲ್ಲ ನಾನು, ಬಾಯಿ ತುಂಬ ಲಾಭ ಎಂದೆ. ಹುಡುಗಿ ಮೊದಲ ಸಲ ನಕ್ಕಳು. ಮುಂದಿನ ಹಲ್ಲೊಂದು ಇರಲಿಲ್ಲ.

ಆ ರಾಗಿ ಹೊಳಲ್ಕೆರೆ ಕಡೆಯಿಂದ ಲಾರಿಯಲ್ಲಿ ಬಂದದ್ದು. ಸುಗ್ಗಿ ಮುಗಿದ ಮೇಲೆ ಹುಡುಗಿಯ ಅಪ್ಪ ಅವ್ವ ಕುರಿಮಂದೆ ಹೊಡೆದುಕೊಂಡು ಚಿತ್ರದುರ್ಗದ ಮೇಲಾಸಿ ಹೊಳಲ್ಕೆರೆ ಸೀಮೆಗೆ ಹೋಗುತ್ತಾರೆ. ಹೊಲದವರು ಗೊಬ್ಬರಕ್ಕಾಗಿ ಮಂದೆಯನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಂಡು ಕಾಳು ಕೊಡುತ್ತಾರೆ. ಮುಂಗಾರು ಬಿದ್ದ ಕೂಡಲೇ ಮಂದೆ ಹಿಂತಿರುಗುತ್ತದೆ.

"ಹೊಳಲ್ಕೆರೆಯಿಂದ ಮುಂದಕ್ಕೆ ಹೋಗಲ್ವಾ, ಹೊಸದುರ್ಗಕ್ಕೆ?" ಎಂದೆ ಹುಡುಗಿಯನ್ನು.

"ಅಲ್ಲಿಗ್ಯಾಕೆ ಹೋಗಾಣ್ರಿ? ಮಳೆ ಬಂದಿರ್ತೈತಲ್ಲ. ಹಿರಿಯೂರಿಗೇ ಬರ್ತೀವಿ."

"ಹಸು?"

"ಹಸು ಮಂದೆ ಜತೆ ಬರಲ್ರಿ."

ಅಷ್ಟೇ. ಮೂರಕ್ಕೆ ಮೂರೂ ಬಿಡಿಸಿತು. ಕುರಿ, ಮೇಕೆ, ನಾಯಿ ಒಟ್ಟಿಗೆ ನಡೆಯುತ್ತವೆ, ಹಸು ಮನೆಯಲ್ಲಿರುತ್ತದೆ. ಸಂಬಂಧ ಗೊತ್ತಾದ ಖುಷಿಗೆ ನಾನು ತೊಡೆ ತಟ್ಟುವುದೊಂದು ಬಾಕಿ. ಆಗಲೇ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ಸೀಟು ಸಿಕ್ತೈತಾ ತಾಯಿ? ಸಿಗದಿದ್ರೆ ಇವಳೂ ಮಂದೆ ಹಿಂದೆ ಹೋಗ್ತಾಳೆ. ನಾಕನೇ ಕ್ಲಾಸು ಆತಲ್ಲ, ಇನ್ನ ಮನೇಲಿ ಇಟ್ಕಂಡು ಏನ್ ಮಾಡಾದು? ಈಗ ಮನ್ಯಾಗೆ ನಾವಿಬ್ರೇ, ನಾನು, ಇವಳು. ಇವಳು ಹೋದ್ರೆ ನನಗೆ ಮಾತಾಡಾಕೆ ಜನ ಇಲ್ಲ, ಅದು ಬ್ಯಾರೆ. ಆದ್ರೆ ಓದ್ಲಿ ಅಂತ ನಾನೇ ಹಟ ಮಾಡಿ ಅರ್ಜಿ ಹಾಕ್ಸಿದ್ದು."

ಹನ್ನೆರಡು ಎಂದು ಬರೆದು ಸುತ್ತ ಗೆರೆ ಎಳೆದ ಕೈ ನನ್ನ ಮಡಿಲಲ್ಲೇ ಇತ್ತು. ಆ ಹಾಳೆಯನ್ನು ಗಟ್ಟಿಯಾಗಿ ಓದಿ ನಕ್ಕದ್ದು ನೆನಪಾಗಿ ನನಗೆ ನಿಜವಾಗಿ ನಾಚಿಕೆಯಾಯಿತು. ನೋಡೋಣ ಅಜ್ಜಿ ಎಂದೆ.

ಸುಮ್ಮನೆ ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಕಲಿಸುವ ಚಟ ನೋಡಿ! ಹೊರಡುವ ಮುಂಚೆ ಹುಡುಗಿಯನ್ನು ಕೂರಿಸಿಕೊಂಡು, ಪರೀಕ್ಷೆಯಲ್ಲಿ ಮೊದಲನೆಯದು ಒಂದು ಎಂದು ಬರೆಯಬೇಕು, ಗುಂಪಿಗೆ ಸೇರದ್ದು ನಾಯಿ, ಹೊಳಲ್ಕೆರೆಯ ಮುಂದೆ ಹೊಸದುರ್ಗ ಎಂದು ಮೂರನ್ನೂ ತಿದ್ದಿ ಬಾಯಿಪಾಠ ಮಾಡಿಸಿದೆ. ಅವಳು ಜಾಣೆ, ಒಂದೇ ಸಲಕ್ಕೆ ಕಲಿತಳು.

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ತರ ಬೆತ್ತದ ಕುರ್ಚಿಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದೆ. ಅವರು ಕಾಫಿ ಕುಡಿದು ಮುಗಿಸುವ ತನಕ ಕೇಳಿ, "ಲಾಭ ಅಂದ್ರೆ ಏನು ಅಂತ ತಿಳ್ಕಳಾಕೆ ಅಲ್ಲಿತನಕ ಹೋಗಿದ್ರಾ? ನನ್ನ ಕೇಳಿದ್ರೆ ಕುಂತಲ್ಲೇ ಹೇಳ್ತಿದ್ನಲ್ರಿ" ಎಂದರು.

"ಹಾಗಾದ್ರೆ ಅವಳ ಉತ್ತರ ಸರಿ ಅಲ್ವಾ ಸರ್?"

"ಕಣದಾಗೆ ಸರಿ. ಪೇಪರ್‌ನಾಗೆ ಒಂದು ಅಂದ್ರೆ ಒಂದೇ. ಉತ್ತರಪಟ್ಟಿ ನಿಮ್ದು, ಮುದ್ರೆ ನಿಮ್ದು. ಹನ್ನೆರಡು ಬಂದವಳನ್ನ ಕರೀಬೇಕು ಅಂದ್ರೆ ಪಟ್ಟಿ ತಪ್ಪೈತೆ ಅಂತ ನೀವು ಬರಕೊಡ್ರಿ. ಕರಸ್ತೀನಿ."

ಹಾಳೆ ತೆಗೆದುಕೊಂಡು "ನಾನು ತಯಾರಿಸಿದ ಉತ್ತರಪಟ್ಟಿಯಲ್ಲಿ ದೋಷವಿರಬಹುದು" ಎಂದು ಬರೆದೆ. ಅವರು ಕನ್ನಡಕ ಏರಿಸಿ ಓದಿ ವಾಪಸ್ ಕೊಟ್ಟರು.

"ಬಹುದು ಹೊಡೀರಿ."

ಹೊಡೆದೆ. ದೋಷವಿದೆ ಎಂದು ಬರೆದು ಸಹಿ ಹಾಕಿದೆ. ಎದೆಯಲ್ಲಿ ಏನೋ ಕಿತ್ತು ಬಂದಂತಾಯಿತು. ಹುಳುಕು ಹಲ್ಲು ಕಿತ್ತಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ಆ ದಾರಿಯ ಬಸ್ಸಿನ ಕಂಡಕ್ಟರ್ ಕೈಲಿ ಹಟ್ಟಿಗೆ ಚೀಟಿ ಹೋಯಿತು.

ಮಂಗಳವಾರ ಅಜ್ಜಿ ಮೊಮ್ಮಗಳು ಇಬ್ಬರೂ ಬಂದರು. ಹುಡುಗಿಯ ತಲೆಗೆ ಹಚ್ಚಿದ್ದ ಎಣ್ಣೆ ಹಣೆಗೆ ಇಳಿದಿತ್ತು. ಜಗುಲಿಯ ಮೇಲೆ ಹೆಡ್‌ಮಾಸ್ತರು, ಅವರ ಪಕ್ಕದ ಸ್ಟೂಲಿನಲ್ಲಿ ಕಾಫಿ ಲೋಟ, ಸುಲಿದಿಟ್ಟ ಬಾಳೆಹಣ್ಣು. ಈ ಮಗುವಿನ ತರ್ಕ ಎಂಥದು ನೀವೇ ಕೇಳಿ ಸರ್ ಎಂದು ನಾನು ಆಗಲೇ ನಾಲ್ಕು ಸಲ ಹೇಳಿ ಅವರ ಕಿವಿ ತಿಂದಿದ್ದೆ.

"ಕುರಿ, ಮೇಕೆ, ಹಸು, ನಾಯಿ. ಗುಂಪಿಗೆ ಸೇರದ್ದು ಯಾವುದವ್ವ?" ಎಂದರು.

"ನಾಯಿ ರೀ" ಎಂದಳು ಹುಡುಗಿ, ಗಂಟೆ ಹೊಡೆದ ಹಾಗೆ.

ಹೆಡ್‌ಮಾಸ್ತರು ಹಾಳೆ ತಿರುವಿ ನೋಡಿದರು.

"ಇಲ್ಲಿ ಹಸು ಅಂತ ಬರ್ದೀಯಲ್ಲ?"

"ತಪ್ಪು ರೀ. ನಾಯಿ. ಟೀಚರಮ್ಮ ಹೇಳಿಕೊಟ್ರು."

"ನಾಯಿ ಯಾಕೆ?"

ಅದು ಬಾಯಿಪಾಠದಲ್ಲಿ ಇರಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು, ಕಾಲಿನ ಹೆಬ್ಬೆರಳ ಜೊತೆ ಸಮಾಲೋಚನೆ ನಡೆಸಿದಳು. ಅಜ್ಜಿಯ ಕೈ ಸೆರಗಿನೊಳಗೆ ಗಂಟು ಕಟ್ಟುತ್ತ ಬಿಚ್ಚುತ್ತ ಇತ್ತು.

ಹೆಡ್‌ಮಾಸ್ತರು ನನ್ನ ಕಡೆ ತಿರುಗಿದರು. "ಹೋಗಿ ಇದ್ದ ಬುದ್ಧೀನೂ ಕೆಡಿಸಿ ಬಂದೀರಲ್ರೀ."

ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಅಂಕ ಕಳೆದವಳೂ ನಾನೇ, ಅವಳ ಬಾಯಿ ಕಟ್ಟಿದವಳೂ ನಾನೇ. ಎದ್ದು ಹೋಗಿಬಿಡೋಣ ಅನಿಸಿತು. ಆಗ ಹೆಡ್‌ಮಾಸ್ತರು ಪರೀಕ್ಷೆಯ ಹಾಳೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡರು.

"ಪೇಪರ್ ಬಿಡು ಮಗ. ನಿಮ್ ಮಂದೆ ಹೊಂಟೈತೆ ಅಂತ ತಿಳ್ಕ. ಯಾರ್ಯಾರು ಹೋಗ್ತಾರೆ ಹೇಳು."

ಹುಡುಗಿಯ ತಲೆ ಮೇಲೆದ್ದಿತು. "ಕುರಿ, ಮೇಕೆ, ನಾಯಿ, ಅಪ್ಪ, ಅವ್ವ. ನಾನೂ ಹೋಗ್ತಿದ್ದೆ ರೀ, ಶಾಲೆಗೆ ಹಾಕೋ ಮುಂಚೆ. ಈಗ ರಜದಾಗೆ ಹೋಗ್ತೀನಿ. ಈ ಸಲ ಪರೀಕ್ಷೆ ಅಂತ ಉಳ್ಕಂಡೆ."

"ಹಸು?"

"ಹಸು ಯಾಕೆ ಬರ್ತೈತ್ರಿ?" ಎಂಥ ದಡ್ಡ ಪ್ರಶ್ನೆ ಎಂಬ ಬೇಸರ ಅವಳ ದನಿಯಲ್ಲಿತ್ತು. "ಅದಕ್ಕೆ ನಡ್ಯಾಕೆ ಆಗಲ್ಲ. ಕುಂತ ಜಾಗ ಬಿಟ್ಟು ಏಳಂಗಿಲ್ಲ. ಎಲ್ಲಾ ಅದು ಇದ್ದಲ್ಲಿಗೇ ತಂದ್ ಕೊಡಬೇಕು." ಹೇಳುತ್ತ ಹೇಳುತ್ತ ಅವಳ ಕಣ್ಣು ಬೆತ್ತದ ಕುರ್ಚಿ, ಕಾಫಿ ಲೋಟ, ಸುಲಿದ ಬಾಳೆಹಣ್ಣಿನ ಮೇಲೆ ಹೋಯಿತು. "ನಿಮ್ಮಂಗೆ ರೀ."

ಅಜ್ಜಿ "ಏಯ್!" ಎಂದು ಅವಳ ಬೆನ್ನಿಗೊಂದು ಗುದ್ದಿದಳು. ಬಾಗಿಲಲ್ಲಿ ನಿಂತಿದ್ದ ಅಡುಗೆಯವಳು ಸೆರಗು ಬಾಯಿಗೆ ತುಂಬಿಕೊಂಡು ಒಳಗೆ ಓಡಿದಳು. ಹೆಡ್‌ಮಾಸ್ತರ ಹೊಟ್ಟೆ ಅಲುಗಿತು, ಕುರ್ಚಿ ಕಿರುಗುಟ್ಟಿತು. ನಗು ಕೆಮ್ಮಿಗೆ ತಿರುಗಿ, ಕಣ್ಣಲ್ಲಿ ನೀರು ಬಂದು, ಅವರಿಗೆ ನೀರು ಕುಡಿಸಬೇಕಾಯಿತು. ಆ ನೀರನ್ನೂ ಅವರಿದ್ದಲ್ಲಿಗೇ ತಂದುಕೊಟ್ಟರು.

ಸುಧಾರಿಸಿಕೊಂಡು ಅವರು ನನ್ನ ಉತ್ತರಪಟ್ಟಿ ತರಿಸಿದರು. "ಒಂಬತ್ತನೇದಕ್ಕೆ ನಾಯಿ ಅಂತ ಐತಲ್ಲ, ಪಕ್ಕದಾಗೆ ಅಥವಾ ಅಂತ ಬರೀರಿ. ಅಥವಾ ಹಸು. ಎಲ್ಲಾ ಪೇಪರೂ ಇನ್ನೊಂದ್ ಸಲ ತೆಗೀರಿ. ಹಸು ಅಂದೋರಿಗೆಲ್ಲ ಅಂಕ ಕೊಡ್ರಿ, ಇವಳಿಗೆ ಮಾತ್ರ ಅಲ್ಲ."

ಮೂರು ವರ್ಷದಲ್ಲಿ ನನ್ನ ಪಟ್ಟಿಗೆ ಬಿದ್ದ ಮೊದಲ "ಅಥವಾ" ಅದು. ಪೆನ್ನಿನಲ್ಲೇ ಬರೆದೆ. ಎಲ್ಲ ಹಾಳೆಗಳನ್ನೂ ಮತ್ತೆ ತೆಗೆದಾಗ ಇನ್ನೂ ಇಬ್ಬರು ಹಸು ಎಂದಿದ್ದದ್ದು ಕಂಡಿತು. ಅವರಿಗೂ ಒಂದೊಂದು ಅಂಕ ಹೋಯಿತು. ಲಾಭಕ್ಕೆ, ಹಿರಿಯೂರಿಗೆ ಹೆಡ್‌ಮಾಸ್ತರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಬೇಕಾದದ್ದು ಒಂದೇ ಅಂಕ. ನಲವತ್ತೊಂದನೇ ನಂಬರಿನ ಮೇಲಿದ್ದ ಹನ್ನೆರಡನ್ನು ಹೊಡೆದು ಹದಿಮೂರು ಮಾಡಿದೆ. ಸಂಜೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರು ಕೊನೆಯದು. ಓದಲು ಬಾರದ ಅಜ್ಜಿ ಹೆಸರು ಎಲ್ಲಿದೆ ಎಂದು ತೋರಿಸಲು ಹೇಳಿ, ಅದರ ಮೇಲೆ ಬೆರಳಿಟ್ಟು ನಿಂತಳು.

ಜೂನಿನಲ್ಲಿ ನಿಲಯಕ್ಕೆ ಸೇರಿಸಿಕೊಳ್ಳುವ ದಿನ ನಾನೂ ಇದ್ದೆ. ಮಳೆ ತಡವಾಗಿತ್ತು, ಮಂದೆ ಇನ್ನೂ ಹೊಳಲ್ಕೆರೆ ಕಡೆಯೇ ಇತ್ತು. ಅಜ್ಜಿ ಒಬ್ಬಳೇ ಹುಡುಗಿಯನ್ನು ಕರೆತಂದಿದ್ದಳು. ಹೊಸ ಟ್ರಂಕಿನ ಮೇಲೆ ಕೂತ ಹುಡುಗಿ ಅಂಗಳ ನೋಡುತ್ತಿದ್ದಳು. ಅಲ್ಲಿ ಅವಳಿಗೆ ಗೊತ್ತಿದ್ದವರು ಯಾರೂ ಇರಲಿಲ್ಲ. ನಿಲಯದ ಗುಮಾಸ್ತರು ಅರ್ಜಿ ತುಂಬುತ್ತಿದ್ದರು. ತಂದೆಯ ಕಸುಬು, ಜಮೀನು ಎಷ್ಟು, ಅಂಚೆ ಯಾವುದು. ಅಜ್ಜಿ ಒಂದೊಂದಕ್ಕೂ ಚುರುಕಾಗಿ ಉತ್ತರ ಕೊಡುತ್ತಿದ್ದಳು.

"ಈ ಹುಡುಗಿ ಬಿಟ್ಟು ಈಗ ಮನೇಲಿ ಎಷ್ಟು ಜನ ಇದ್ದೀರಿ?"

ಅಜ್ಜಿ ಟ್ರಂಕಿನ ಕಡೆ ನೋಡಿದಳು. ಹುಡುಗಿ ಅವಳನ್ನು ನೋಡಲಿಲ್ಲ. ಅಜ್ಜಿ ಕೈ ಮುಂದೆ ಹಿಡಿದು ಕಿರುಬೆರಳು ಮಡಿಸಿದಳು. ಅಲ್ಲಿಗೇ ನಿಂತಳು.

"ಲಾಭ" ಎಂದಳು.

ಗುಮಾಸ್ತರ ಪೆನ್ನು ಹಾಳೆಯ ಮೇಲೆ ತಡೆಯಿತು. "ಹಂಗಂದ್ರೆ? ಅಂಕಿನಾಗೆ ಎಷ್ಟು?" ಎಂದು ಅವರು ನನ್ನ ಮುಖ ನೋಡಿದರು.

ಉತ್ತರ ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ, ಗೊತ್ತಿರುವ ಉತ್ತರವನ್ನು ಎಲ್ಲರಿಗಿಂತ ಮೊದಲು ಹೇಳಿ ಕೆನೆ ತಿಂದವಳು ನಾನು. ಆ ದಿನ ಅಜ್ಜಿ ಮಡಿಸಿ ಹಿಡಿದಿದ್ದ ಕಿರುಬೆರಳನ್ನೇ ನೋಡಿದೆ.

"ಅವರು ಹೇಳಿದ್ದನ್ನೇ ಬರೀರಿ" ಎಂದೆ.